ಎಂಟು ಮಕ್ಕಳಿಗೆ ಹಂಚಿದ ಇಂಗ್ಲಿಷು

ವೇದಿಕೆಯ ನಡುವಿನ ದೊಡ್ಡ ಕುರ್ಚಿಯಲ್ಲಿರುವ ಶಾಲಾ ಸಮಿತಿಯ ಅಧ್ಯಕ್ಷರಾದ ಸಣ್ಣರಂಗಯ್ಯನವರೇ, ಪಾವಗಡದಿಂದ ಈ ಬಿಸಿಲಲ್ಲಿ ಬಂದಿರುವ ಅತಿಥಿಗಳೇ, ಇಂದು ಸನ್ಮಾನ ಪಡೆಯಲಿರುವ ಮುಖ್ಯೋಪಾಧ್ಯಾಯರಾದ ರೇಣುಕಪ್ರಸಾದ್ ಅವರೇ, ಶಾಮಿಯಾನದ ನೆರಳು ಸರಿದ ಹಾಗೆಲ್ಲ ಕುರ್ಚಿ ಸರಿಸಿಕೊಳ್ಳುತ್ತಿರುವ ಸಭಿಕರೇ, ಮತ್ತು ಯಾರೂ ಹೆಸರು ಹೇಳದ ಕೊನೆಯ ಸಾಲಿನ ಮಕ್ಕಳೇ.

ನಾನು ದೊಡ್ಡಹನುಮಯ್ಯ. ಪಾವಗಡದಿಂದ ಮಧುಗಿರಿಗೆ ಹೋಗುವ ಖಾಸಗಿ ಬಸ್ಸಿನಲ್ಲಿ ಮೂವತ್ತೆಂಟು ವರ್ಷ ಕಂಡಕ್ಟರ್ ಆಗಿದ್ದವನು. ಹಳೆಯ ವಿದ್ಯಾರ್ಥಿಗಳ ಪರವಾಗಿ ಮುಖ್ಯೋಪಾಧ್ಯಾಯರಿಗೆ ಶಾಲು ಹೊದಿಸಿ ಎರಡು ಮಾತಾಡಬೇಕೆಂದು ಅಪ್ಪಣೆಯಾಗಿದೆ. ಕಂಡಕ್ಟರ್ ಕೈಗೆ ಮೈಕ್ ಕೊಟ್ಟು ಎರಡೇ ಮಾತು ಎಂದರೆ ಆಗುತ್ತದೆಯೇ? ಶಾಲು ತಟ್ಟೆಯಲ್ಲಿರಲಿ. ಮಾತು ಮೊದಲು.

ನಮ್ಮ ಮುಖ್ಯೋಪಾಧ್ಯಾಯರಿಗೆ ಈ ಸನ್ಮಾನ ಯಾಕೆ? ಹಳ್ಳಿಯ ಮಕ್ಕಳಿಗೆ ಇಂಗ್ಲಿಷ್ ವ್ಯಾಕರಣವನ್ನು ಅರೆದು ಕುಡಿಸಿದ್ದಕ್ಕೆ. ಅವರ ಪದ್ಧತಿಯನ್ನು ಬಲ್ಲವರಲ್ಲಿ ನನ್ನಷ್ಟು ಹಳಬರು ಇಲ್ಲಿ ಯಾರೂ ಇಲ್ಲ. ಏಕೆಂದರೆ ಅದು ಅವರದ್ದಲ್ಲ, ಅವರ ತಂದೆ ಮಹಾಲಿಂಗಯ್ಯ ಮೇಷ್ಟರದ್ದು. ಕೆಲವರಿಗೆ ಹಿರಿಯರಿಂದ ಹೊಲ ಬರುತ್ತದೆ, ಕೆಲವರಿಗೆ ಸಿಟ್ಟು ಬರುತ್ತದೆ. ಇವರಿಗೆ ವ್ಯಾಕರಣ ಬಂದಿದೆ.

ಪದ್ಧತಿ ಹೀಗೆ. ಇಂಗ್ಲಿಷಿನಲ್ಲಿ ಮಾತಿನ ಭಾಗಗಳು ಎಂಟು. ಒಂದು ಮಗು ಎಂಟನ್ನೂ ಕಲಿಯುವುದು ಕಷ್ಟ. ಎಂಟು ಮಕ್ಕಳು ಒಂದೊಂದು ಕಲಿಯುವುದು ಸುಲಭ. ಇನ್‌ಸ್ಪೆಕ್ಟರು ಬಂದಾಗ ಮೇಷ್ಟರು ಸಾಲಾಗಿ ಕೇಳುತ್ತಿದ್ದರು, ಸಾಲಾಗಿ ಉತ್ತರ ಬರುತ್ತಿತ್ತು. ಮಿಕ್ಕ ಮೂವತ್ತು ಮಕ್ಕಳು ಕೈ ಕಟ್ಟಿ ಕೂತು ಎಲ್ಲ ತಿಳಿದವರ ಮುಖ ಮಾಡಬೇಕು. ಅದಕ್ಕೂ ತರಬೇತಿ ಇತ್ತು.

ನಮ್ಮ ಐದನೆಯ ತರಗತಿಯಲ್ಲಿ ಹಂಚಿಕೆ ಹೇಗೆ ಎನ್ನುತ್ತೀರಾ? ನೌನು ಶಾನುಭೋಗರ ಮನೆಗೆ. ವರ್ಬು ಪಟೇಲರ ಮನೆಗೆ. ಅಡ್ಜೆಕ್ಟಿವ್ ಅಂಗಡಿಯವರ ಮನೆಗೆ. ಹೀಗೆ ಹಂಚುತ್ತ ಹಂಚುತ್ತ ಬಾಗಿಲ ಹತ್ತಿರ ಕೂರುತ್ತಿದ್ದ ನಮ್ಮ ಕೇರಿಯವರ ತನಕ ಬರುವಷ್ಟರಲ್ಲಿ ಉಳಿಯುತ್ತಿದ್ದದ್ದು ಎಂಟನೆಯದು, ಇಂಟರ್ಜೆಕ್ಷನ್. ಮೇಷ್ಟರು ದೂರದಿಂದಲೇ, "ಲೇ ಹನುಮ, ಇದು ನಿಂದು. ಹುರ್‍ರೇ ಅಂದ್ರೆ ಸಂತೋಷ, ಅಲಾಸ್ ಅಂದ್ರೆ ದುಃಖ. ಇಷ್ಟೇ. ಜಾಸ್ತಿ ತಲೆ ಕೆಡಿಸ್ಕೋಬೇಡ" ಎಂದಿದ್ದರು.

ನಾನು ಕೆಡಿಸಿಕೊಳ್ಳಲಿಲ್ಲ. ಏಳನೆಯ ತರಗತಿಯ ಪರೀಕ್ಷೆಯಲ್ಲಿ ಉಳಿದ ಏಳನ್ನೂ ಕೇಳಿದ್ದರು. ಏಳಕ್ಕೂ ಎದುರಿಗೆ ಅಲಾಸ್ ಎಂದು ಬರೆದು ಬಂದೆ. ನಗಿ, ನಗಿ, ನಾನೂ ಬಸ್ಸಿನಲ್ಲಿ ಇದನ್ನು ಹೇಳಿ ಬೇಕಾದಷ್ಟು ಜನರನ್ನು ನಗಿಸಿದ್ದೇನೆ. ಫಲಿತಾಂಶದ ದಿನ ನಮ್ಮಪ್ಪ ಹೊಸ ಅಂಗಿಯ ಬಟ್ಟೆ ತಂದಿಟ್ಟಿದ್ದ. ಅದನ್ನು ಅಂಗಡಿಗೆ ವಾಪಸ್ಸು ಕೊಡಲು ನನ್ನನ್ನೇ ಕಳಿಸಿದ. ಇದನ್ನು ಬಸ್ಸಿನಲ್ಲಿ ಹೇಳಿದವನಲ್ಲ. ಇಲ್ಲಿ ಯಾಕೆ ಬಂತೋ. ಇರಲಿ.

ಸಭಿಕರೇ, ಬಸ್ಸು ಹತ್ತಿದ ಮೇಲೆ ನನಗೊಂದು ಹುಚ್ಚು ಹಿಡಿಯಿತು. ನನ್ನ ಇಂಗ್ಲಿಷು ಎಲ್ಲಿದೆ? ಏಳು ಜನರ ತಲೆಯಲ್ಲಿದೆ. ಆ ಏಳು ಜನ ಎಲ್ಲಿಗೆ ಹೋಗುತ್ತಾರೆ? ಒಂದಲ್ಲ ಒಂದು ದಿನ ನನ್ನ ಬಸ್ಸಿಗೇ ಬರಬೇಕು! ಪಟೇಲರ ಮಗ ಹತ್ತಿದ, ಟಿಕೆಟ್ ಹರಿಯುತ್ತ ವರ್ಬು ಕೇಳಿದೆ. "ಏಮ್ರಾ ಹನುಮ, ಚಿಲ್ರೆ ಕೇಳೋದ್ ಬುಟ್ಟು ಪಾಠ ಕೇಳ್ತೀಯಲ್ಲೋ" ಎಂದ. ಆದರೆ ಒಪ್ಪಿಸಿದ. ಟಿಕೆಟ್ ಪುಸ್ತಕದ ರಟ್ಟಿನ ಮೇಲೆ ಬರೆದುಕೊಂಡೆ. ಶಾನುಭೋಗರ ಮಗ ನೌನನ್ನು ಮಧುಗಿರಿಯ ಕೋರ್ಟಿಗೆ ಹೋಗುವಾಗ ಕೊಟ್ಟ. ಆರು ಸಿಕ್ಕವು. ಪ್ರಿಪೊಸಿಷನ್ ಮಾತ್ರ ಇಲ್ಲ. ಅದು ಚನ್ನಮಲ್ಲಮ್ಮನ ಹತ್ತಿರ ಇತ್ತು, ಚನ್ನಮಲ್ಲಮ್ಮ ಮದುವೆಯಾಗಿ ಸಿರಾ ಸೇರಿದ್ದಳು.

ಹನ್ನೊಂದು ವರ್ಷ ಕಾದೆ! ಒಂದು ಮಧ್ಯಾಹ್ನ ಮಧುಗಿರಿಯಲ್ಲಿ ಕಂಕುಳಲ್ಲೊಂದು ಕೂಸು, ಕೈಯಲ್ಲೊಂದು ಕೂಸು ಹಿಡಿದು ಹತ್ತಿದಳು. ಕೇಳಿದೆ. ಕೂಸಿನ ಬೆನ್ನು ತಟ್ಟುತ್ತ, ಕಿಟಕಿಯಾಚೆ ನೋಡುತ್ತ, "ಇನ್, ಆನ್, ಅಟ್, ಬೈ" ಎಂದು ಒಂದೂ ಬಿಡದೆ ಹೇಳಿದಳು. ಆಮೇಲೆ, "ಇದ್ನ ಯಾರೂ ಕೇಳ್ಲೇ ಇಲ್ಲ ಕಣಣ್ಣ ಇಷ್ಟ್ ವರ್ಷ" ಎಂದಳು. ಅವಳಿಗೆ ಟಿಕೆಟ್ ಕೊಡುವುದನ್ನೇ ಮರೆತೆ.

ಹೀಗೆ ಮೂವತ್ತೆರಡನೆಯ ವಯಸ್ಸಿಗೆ ನನ್ನ ಐದನೆಯ ತರಗತಿಯ ಪಾಠ ಮುಗಿಯಿತು.

ಈಗ ಮುಖ್ಯ ವಿಷಯ. ನನ್ನ ಮಗಳ ಮಗಳು ಸಹನಾ ಇದೇ ಶಾಲೆಯ ಐದನೆಯ ತರಗತಿಯಲ್ಲಿ ಓದುತ್ತಾಳೆ. ಬಾಗಿಲ ಹತ್ತಿರವೇ ಕೂರುತ್ತಾಳೆ. ಅವಳಿಗೆ ಬಂದದ್ದು ಎಷ್ಟನೆಯ ಭಾಗ ಎಂದು ನಾನು ಹೇಳಬೇಕೇ? ಆ ದಿನ ಸಂಜೆಯೇ ಮಿಕ್ಕ ಏಳನ್ನು ನಾನು ಜಗಲಿಯ ಮೇಲೆ ಕೂರಿಸಿಕೊಂಡು ಹೇಳಿಕೊಟ್ಟೆ.

ಕಳೆದ ತಿಂಗಳು ಇಲಾಖೆಯವರು ತಪಾಸಣೆಗೆ ಬಂದರು. ಅಂದು ಅಡ್ಜೆಕ್ಟಿವ್ ಶಾಲೆಗೆ ಬಂದಿರಲಿಲ್ಲ. ಅಂದರೆ ಅದನ್ನು ಕಲಿತಿದ್ದ ನವೀನ್ ಕುಮಾರ್, ಸೋದರತ್ತೆಯ ಮದುವೆಯೆಂದು ಮಡಕಶಿರಾಕ್ಕೆ ಹೋಗಿದ್ದ. ಅದನ್ನೇ ಕೇಳಿದಾಗ ಇಡೀ ತರಗತಿ ಎಲ್ಲ ತಿಳಿದವರ ಮುಖ ಮಾಡಿಕೊಂಡು ಕೈ ಕಟ್ಟಿ ಕೂತಿತು. ಆಗ ಬಾಗಿಲ ಬಳಿಯಿಂದ ಸಹನಾ ಎದ್ದು ಅಡ್ಜೆಕ್ಟಿವ್ ಹೇಳಿದಳು. ಇಲಾಖೆಯ ಸಾಹೇಬರು ಖುಷಿಯಾಗಿ ಇನ್ನೊಂದು ಕೇಳಿದರು, ಮತ್ತೊಂದು ಕೇಳಿದರು, ಎಂಟನ್ನೂ ಹೇಳಿದಳು. ಈ ಸನ್ಮಾನ, ಈ ಶಾಮಿಯಾನ, ಈ ಸೇಬು ಮೋಸಂಬಿ, ಎಲ್ಲ ಹುಟ್ಟಿದ್ದು ಅಲ್ಲಿಂದ.

ಜೀಪು ಹೋದ ಮೇಲೆ ನಮ್ಮ ಸನ್ಮಾನಿತರು ಅವಳನ್ನು ಕರೆದು, "ನಿಂಗೆ ಕೊಟ್ಟಿದ್ದು ಒಂದು. ಬಾಕಿ ಏಳು ಯಾರೇ ಕೊಟ್ರು ನಿಂಗೆ?" ಎಂದರು. ಮಗು ಅತ್ತುಕೊಂಡು ಬಂತು. ಈಗ ಅವಳಿಗೆ ವಸತಿ ಶಾಲೆಯ ಪ್ರವೇಶ ಪರೀಕ್ಷೆಗೆ ವ್ಯಾಸಂಗ ಪ್ರಮಾಣಪತ್ರ ಬೇಕು, ಒಂದು ಸಹಿ, ಒಂದು ಸೀಲು. ಮೊದಲ ಸಲ ಹೋದೆ, ಇಂಕು ಒಣಗಿತ್ತು. ಎರಡನೆಯ ಸಲ ಸೀಲು ಬೀರುವಿನಲ್ಲಿತ್ತು. ಮೂರನೆಯ ಸಲ ಬೀರುವಿನ ಬೀಗದ ಕೈ ಅವರ ಮನೆಯಲ್ಲಿತ್ತು. ನಾಳೆ ಕೊನೆಯ ದಿನ.

ಸಾರ್, ಏಳು ಯಾರು ಕೊಟ್ಟರು ಎಂದು ಕೇಳಿದಿರಲ್ಲ. ನಾನು ಕೊಟ್ಟೆ. ನಿಮ್ಮ ತಂದೆಯವರೇ ಹಂಚಿದ್ದು. ಒಂದೊಂದಾಗಿ ಆಯ್ದು ತಂದದ್ದಷ್ಟೇ ನನ್ನ ಕೆಲಸ. ಈಗ ತಟ್ಟೆಯಲ್ಲಿ ಶಾಲಿನ ಕೆಳಗೊಂದು ಕಾಗದ ಇದೆ, ನೋಡಿ. ಪಕ್ಕದಲ್ಲಿ ಪೆನ್ನು. ಸೀಲನ್ನೂ ಇಂಕನ್ನೂ ಅಧ್ಯಕ್ಷರು ನಿಮ್ಮ ಬೀರುವಿನಿಂದಲೇ ತರಿಸಿದ್ದಾರೆ, ಅದಕ್ಕೆ ಬೀಗವೇ ಹಾಕಿರಲಿಲ್ಲವಂತೆ. ಅವಸರವಿಲ್ಲ, ನಾನು ಕಾಯುತ್ತೇನೆ. ಕಂಡಕ್ಟರ್ ಸೀಟಿ ಊದುವ ತನಕ ಬಸ್ಸು ಹೊರಡುವುದಿಲ್ಲ.

ಇಲ್ಲಿ ಸಾರ್, ಕೆಳಗಿನ ಗೆರೆಯ ಮೇಲೆ.

ಸೀಲು ಸ್ವಲ್ಪ ಓರೆಯಾಯಿತು. ಪರವಾಗಿಲ್ಲ, ಅಕ್ಷರ ಮೂಡಿದೆ. ಈಗ ಬಗ್ಗಿ, ಶಾಲು ಹೊದಿಸುತ್ತೇನೆ. ಮನಸಾರೆ ಹೊದಿಸುತ್ತಿದ್ದೇನೆ, ಚಪ್ಪಾಳೆ ತಟ್ಟಿ.

ಸಹನಾ, ಬಾಗಿಲ ಹತ್ತಿರ ಯಾಕೆ ನಿಂತಿದ್ದೀಯ? ನಡುವಿನಿಂದ ಬಾ ತಾಯಿ, ಎಲ್ಲರೂ ದಾರಿ ಬಿಡುತ್ತಾರೆ. ಕಾಗದ ಎರಡೂ ಕೈಯಲ್ಲಿ ಹಿಡಿ.

ಇಷ್ಟು ಹೊತ್ತು ಸಹಿಸಿಕೊಂಡ ಅಧ್ಯಕ್ಷರಿಗೆ, ಅತಿಥಿಗಳಿಗೆ, ಅಷ್ಟು ವರ್ಷ ಒಂದು ಪಾಠವನ್ನು ಜೋಪಾನವಾಗಿಟ್ಟುಕೊಂಡ ಚನ್ನಮಲ್ಲಮ್ಮನಿಗೆ ನನ್ನ ವಂದನೆ. ನಮ್ಮ ಹುಡುಗಿ ಇಳಿದು ಹೋಗಲಿ, ದಾರಿ ಬಿಡಿ. ರೈಟ್! ನಮಸ್ಕಾರ.