ಸಂತನಿಗೆ ಕೊಟ್ಟ ಮುಖ

ಮಳೆ ಹಿಡಿದು ಮೂರು ದಿನವಾಗಿತ್ತು. ಮೂರ್ತಿ ಕಾರ್ಖಾನೆಯ ಹಲಗೆಗಳ ಮೇಲೆ ನಿಲ್ಲಿಸಿದ್ದ, ಒಬ್ಬರೇ ಸಂತರ ಪ್ಲಾಸ್ಟರ್ ಮೂರ್ತಿಗಳು ಒಣಗದೆ ನಮ್ಮ ಕೆಲಸ ನಿಂತುಹೋಗಿತ್ತು. ಮಧ್ಯಾಹ್ನವೇ ಮಬ್ಬುಗತ್ತಲು. ಐದು ಜನ ಒಲೆಯ ಸುತ್ತ ಕೂತಿದ್ದೆವು. ಬಣ್ಣ ಹಚ್ಚುವ ಕೆಲಸಕ್ಕೆ ಹೊಸದಾಗಿ ಸೇರಿದ್ದ ಹೆಂಗಸು, “ಈ ಸಂತರು ನಿಜವಾಗ್ಲೂ ಹೀಗೇ ಇದ್ರಾ ಅಜ್ಜ?” ಎಂದು ಕೇಳಿದಳು. ಐವತ್ತು ವರ್ಷದಿಂದ ಅಚ್ಚು ಮಾಡುತ್ತಿರುವ ಅಜ್ಜ ಒಲೆಗೆ ಇನ್ನೊಂದು ಕೊರಡು ನೂಕಿದರು.

“ಅವರು ಹೇಗಿದ್ರೋ ಯಾರು ಕಂಡೋರು? ಸಾವಿರದೇಳುನೂರು ವರ್ಷದ ಹಿಂದಿನ ಮಾತು. ಜನರ ಕಾಟ ತಾಳದೆ ಮರುಭೂಮಿಯ ಗುಹೆ ಸೇರಿದ್ರಂತೆ. ಸಾಯೋವಾಗ, ನನ್ನ ಗೋರಿಗೆ ಗುರುತು ಇಡಬೇಡಿ, ನನ್ನ ಕರೀಬೇಡಿ, ಮಲಗೋಕೆ ಬಿಡಿ ಅಂದ್ರಂತೆ. ಬಿಟ್ರಾ ಜನ? ಬದುಕಿದ್ದಾಗ ಯಾರ ಮುಖಾನೂ ನೋಡದ ಮನುಷ್ಯ ಈಗ ಬಸ್ಸಿನ ಗಾಜಿಗೆ ಅಂಟ್ಕೊಂಡು ಊರೆಲ್ಲಾ ಸುತ್ತುತಾರೆ... ಔಷಧಿ ಅಂಗಡೀಲಿ ಅವರೇ, ಹೆರಿಗೆ ವಾರ್ಡಲ್ಲೂ ಅವರೇ.

“ನಾನು ಇಲ್ಲಿ ಸೇರಿದಾಗ ಹಳೇ ಅಚ್ಚು ಸವೆದು, ಸಂತರಿಗೆ ಕಣ್ಣೂ ಇಲ್ಲ, ಮೂಗೂ ಇಲ್ಲ. ಹೊಸ ಮುಖ ಮಾಡು ಅಂದ್ರು ಯಜಮಾನರು. ಒಂದೇ ಮಾತು ಹೇಳಿದ್ರು, ‘ನೀನು ಕಂಡ ಯಾರ ಮುಖಾನೂ ಹಾಕಬೇಡ.’ ಯಾಕೆ ಅಂತ ಕೇಳೋ ಬುದ್ಧಿ ನನಗೆಲ್ಲಿತ್ತು?

“ಆ ವರ್ಷವೇ ನಮ್ಮಣ್ಣ ತೀರ್ಕೊಂಡಿದ್ದ. ಬ್ರೆಡ್ಡು ಸುಡೋ ಕೆಲಸ ಅವನದು, ಹದಿನಾಲ್ಕನೇ ವಯಸ್ಸಿಂದ ಕೋಳಿಗಿಂತ ಮುಂಚೆ ಏಳೋದು. ಒಂದು ದಿನ ಕಣ್ತುಂಬ ನಿದ್ದೆ ಮಾಡ್ಬೇಕು ಕಣೋ ಅಂತಿದ್ದ, ಅಷ್ಟೇ ಅವನ ಆಸೆ. ಇನ್ನಾದ್ರೂ ಮಲಗಲಿ ಅಂತ ಅತ್ತಿಗೆ ಅತ್ತರು. ನನಗೋ, ಅವನ ಮುಖ ಮರೆತುಹೋಗುತ್ತೇನೋ ಅಂತ ಭಯ... ಜೇಡಿಮಣ್ಣು ಹಿಡಿದು ಕೂತೆ. ಕೈ ತಾನಾಗೇ ಅವನನ್ನೇ ಮಾಡ್ತು. ತಡೀಲಿಲ್ಲ ನಾನು.

“ಆ ಮುಖ ಎಷ್ಟು ಹಿಡಿಸ್ತು ಅಂತೀರಿ ಜನಕ್ಕೆ! ಸಾವಿರ ಮೂರ್ತಿ ಹೋದ್ವು, ಹತ್ತು ಸಾವಿರ ಹೋದ್ವು. ಆಮೇಲೊಂದು ಸಂಜೆ ಸತ್ತ ಅಣ್ಣ ಬಾಗಿಲಲ್ಲಿ ನಿಂತಿದ್ದ. ಮೈಯೆಲ್ಲಾ ಹಿಟ್ಟು, ಕಣ್ಣು ಕೆಂಡ. ‘ತಮ್ಮಾ, ಯಾರ್ಯಾರೋ ಕರೀತಾರೆ ಕಣೋ. ಕಣ್ಣು ಮುಚ್ಚಿದ್ರೆ ಸಾಕು, ಸಂತನೇ ಅಂತ ಕರೀತಾರೆ. ಒಂದಿಷ್ಟು ಮಲಗಿಸೋ’ ಅಂದ. ಅಚ್ಚು ಒಡೆದು ಪುಡಿ ಮಾಡ್ದೆ. ಏನು ಬಂತು? ಅಷ್ಟೊತ್ತಿಗೆ ಬೇರೆ ಕಾರ್ಖಾನೆಯೋರು ನಮ್ಮ ಮೂರ್ತಿ ಇಟ್ಕೊಂಡೇ ಅಚ್ಚು ತೆಗೆದಿದ್ರು. ಯಾರ್ಯಾರ ಮನೆಗೆ ಹೋಗಿ ಒಡೀಲಿ? ನನ್ನ ಪ್ರೀತೀನೇ ಅವನ ನಿದ್ದೆ ತಿಂತು...

“ನಿನ್ನೆ ಸಂಜೇನೂ ಬಂದಿದ್ದ.”

ಅಜ್ಜ ಬಣ್ಣದಾಕೆಯ ಕಡೆ ತಿರುಗಿದರು. ಅವಳ ಮುಖ ಬಿಳಿಚಿಕೊಂಡಿತ್ತು.

“ಮೂರು ದಿನದಿಂದ ಒಬ್ಬಾಕೆ ಬಿಡದೆ ಕರೀತಿದಾಳಂತೆ, ಮಗಳ ಜ್ವರ ಇಳಿಸಪ್ಪಾ ಅಂತ. ಮುಗಿದ ಕೈತುಂಬ ನೀಲಿ ಬಣ್ಣವಂತೆ. ‘ಬ್ರೆಡ್ಡು ಸುಡೋನು ನಾನು, ನನಗೇನು ಬರುತ್ತೆ? ಅವಳಿಗೆ ಏನು ಹೇಳ್ಲೋ?’ ಅಂತ ಅಳ್ತಾನೆ... ಇವತ್ತೂ ಬರ್ತಾನೆ. ನೀನೇ ಹೇಳು ತಾಯಿ, ಏನು ಹೇಳ್ಲಿ ಅವನಿಗೆ?”