ಕಂಡಕ್ಟರ್ ಇಲ್ಲದ ಮೊದಲ ಬಸ್ಸು

"ಹಲೋ... ಡಿಪೋ. ಯಾರು ಮಾತಾಡ್ತಿರೋದು?... ಏನೂ ಕೇಳಿಸ್ತಿಲ್ಲ, ಮಾಸ್ಕ್ ಕೆಳಗಿಳಿಸಿ ಮಾತಾಡಿ. ಯಾರು?... ಚಿಕ್ಕಪ್ಪ? ನೀವಾ?..."

ಡಿಪೋದ ಕಂಟ್ರೋಲರ್ ಕುರ್ಚಿಯಿಂದ ಅರ್ಧ ಎದ್ದಳು. ತಿಂಗಳುಗಟ್ಟಲೆ ಬೀಗ ಬಿದ್ದಿದ್ದ ಊರ ಬಸ್ಸುಗಳು ಅವತ್ತು ಬೆಳಿಗ್ಗೆಯಷ್ಟೇ ರಸ್ತೆಗಿಳಿದಿದ್ದವು. ಮೊದಲು ಹೊರಟಿದ್ದು ಅವಳ ಚಿಕ್ಕಪ್ಪ ಓಡಿಸುವ ಬಸ್ಸು. ಸೋಂಕು ಹರಡಬಾರದೆಂದು ಅರ್ಧ ಬಸ್ಸಿನಷ್ಟೇ ಜನ, ಕಂಡಕ್ಟರ್ ಬೇಡವೇ ಬೇಡ, ಟಿಕೆಟ್ ದುಡ್ಡು ಹಾಕಲು ಡ್ರೈವರ್ ಪಕ್ಕ ಒಂದು ಕಬ್ಬಿಣದ ಡಬ್ಬಿ. ಇದು ಮೇಲಿನವರ ಏರ್ಪಾಡು. ಮನುಷ್ಯನನ್ನು ಕಳೆದು ಡಬ್ಬಿಯನ್ನು ಕೂಡಿಸಿದ ಆ ಬುದ್ಧಿವಂತಿಕೆಗೆ ಏನು ಹೇಳೋಣ.

"ಗಲಾಟೆನಾ? ಎಲ್ಲಿ?... ಗಿರಣಿ ಕಾಲೊನಿ ಸ್ಟಾಪಲ್ಲಾ... ಹಾಂ, ಇವತ್ತು ಗಿರಣೀನೂ ಶುರು ಅಲ್ವಾ. ಬರದಿದ್ದೋರಿಗೆ ಕೆಲಸ ಇಲ್ಲ ಅಂದಿದಾರಂತೆ... ತುಂಬಿದೆ ಅಂದ್ರೂ ನುಗ್ಗಿದ್ರಾ?... ಬಾಗಿಲಲ್ಲೇ ಹೊಡೆದಾಡ್ಕೊಂಡ್ರಾ... ಗಾಜು ಹೋದ್ರೆ ಹೋಗ್ಲಿ ಬಿಡಿ, ನಿಮಗೇನೂ ಆಗಿಲ್ಲ ತಾನೆ?... ರಕ್ತಾನಾ? ಯಾರದು?"

...

"ಮೆಲ್ಲಗೆ ಹೇಳಿ. ಸೀಟಿ ಕೇಳಿಸ್ತು, ಸರಿ, ಆಮೇಲೆ?... ಎರಡು ಸಲ. ಊದಿದ್ದು ಯಾರು? ಬಸ್ಸಲ್ಲಿ ಕಂಡಕ್ಟರೇ ಇಲ್ವಲ್ಲ ಚಿಕ್ಕಪ್ಪ... ಪೊಲೀಸಾ. ಜನಾನ ಚದುರಿಸೋಕೆ ಊದಿದ್ದಾ... ಅಯ್ಯೋ ದೇವರೇ. ನೀವು ಹೊರಟೇ ಬಿಟ್ರಾ?"

ಕಂಡಕ್ಟರ್ ಒಂದು ಸೀಟಿ ಊದಿದರೆ ನಿಲ್ಲಿಸು, ಎರಡು ಊದಿದರೆ ಹೊರಡು. ಚಿಕ್ಕಪ್ಪನ ಮಟ್ಟಿಗೆ ಇದು ಕಿವಿಯಿಂದ ತಲೆಗೆ ಹೋಗಿ ಆಮೇಲೆ ಕಾಲಿಗಿಳಿಯುವ ವಿಷಯವಲ್ಲ, ಕಿವಿಯಿಂದ ನೇರ ಕಾಲಿಗೇ ಬರುತ್ತದೆ. ಪಕ್ಕದ ಮನೆಯ ಮಗು ಎರಡು ಸಲ ಪೀಪಿ ಊದಿದರೆ ಊಟಕ್ಕೆ ಕೂತವರ ಬಲಗಾಲು ನೆಲ ಒತ್ತುತ್ತಿತ್ತು. ಮನೆಮಂದಿಯೆಲ್ಲ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು.

"ಬಾಗಿಲಿಂದ ಬಿದ್ದೋನು ಬದುಕಿದಾನಾ?... ಕೂಗ್ತಿದಾನಾ. ಕೂಗ್ಲಿ, ಕೂಗ್ತಾ ಇದ್ರೇನೇ ಒಳ್ಳೇದು. ಎಲ್ಲಿ ಸಿಕ್ಕಾಕ್ಕೊಂಡಿದಾನೆ, ಹಿಂದಿನ ಚಕ್ರದಲ್ಲಾ?... ಒಂದು ಕೈ ಜೋಡಿ ಟೈರಿನ ಮಧ್ಯೆ. ಎಲ್ಲೀ ತನಕ?... ಭುಜದ ತನಕಾನಾ. ಚಿಕ್ಕಪ್ಪ, ಇಂಜಿನ್ ಆಫ್ ಮಾಡಿ. ಮೊದಲು ಆಫ್ ಮಾಡಿ, ಆಮೇಲೆ ಮಾತು."

...

"ಹಿಂದಕ್ಕೆ ತೆಗಿ ಅಂತಿರೋದು ಯಾರು?... ಊರಿಗೂರೇ ಅನ್ಲಿ, ಬೇಡ. ಹಿಂದಕ್ಕೂ ಬೇಡ, ಮುಂದಕ್ಕೂ ಬೇಡ. ಚಕ್ರ ಒಂದು ಗೇಣು ತಿರುಗಿದ್ರೂ ಕೈ ಜೊತೆ ಮೈನೂ ಒಳಗೆಳ್ಕೊಳ್ಳುತ್ತೆ. ನಿಮಗೆ ನಾನು ಹೇಳಿಕೊಡ್ಬೇಕಾ? ಜಾಕ್ ಕೊಟ್ಟು ಎತ್ತಬೇಕು, ಬೇರೆ ದಾರಿ ಇಲ್ಲ... ಮೇಸ್ತ್ರಿ, ಏ ಮೇಸ್ತ್ರಿ, ಗ್ಯಾರೇಜಿನ ದೊಡ್ಡ ಜಾಕ್ ವ್ಯಾನಿಗೆ ಹಾಕ್ಕೊಂಡು ಗಿರಣಿ ಕಾಲೊನಿ ಸ್ಟಾಪಿಗೆ ಓಡಿ. ಆಂಬುಲೆನ್ಸಿಗೂ ಹೇಳಿ... ಹಾಂ ಚಿಕ್ಕಪ್ಪ, ವ್ಯಾನ್ ಹೊರಡ್ತು. ಅಲ್ಲೀ ತನಕ ತಡ್ಕೊಳ್ಳಿ."

"ಅದೇನು ಸದ್ದು?... ನಿಮ್ಮ ಬಾಗಿಲು ಒದೀತಿದಾರಾ. ಚಿಲಕ ಹಾಕಿ... ಆ ಪೊಲೀಸ್ ಎಲ್ಲಿ, ಓಡಿಹೋದ್ನಾ?... ಏನಂತೆ, ಅವರೇ ಓಡಿಸ್ತಾರಂತಾ? ಬಸ್ಸೇನು ಸೈಕಲ್ಲಾ, ಯಾರಿಗೆ ಬರುತ್ತೆ?... ಲಾರಿ ಓಡಿಸೋನು ಒಬ್ಬ ಇದಾನಾ..."

ಆ ಲಾರಿಯವನ ಕೈಗೆ ಕೀ ಸಿಕ್ಕಿದರೆ ಕೆಳಗೆ ಬಿದ್ದವನ ಕತೆ ಮುಗಿದ ಹಾಗೆ. ವ್ಯಾನು ಸೋಂಕಿಗೆಂದು ಊರ ತುಂಬ ಅಡ್ಡಕಟ್ಟಿರುವ ಬೊಂಬುಗಳನ್ನು ಸುತ್ತು ಹಾಕಿಕೊಂಡು ಹೋಗಬೇಕು. ಅಷ್ಟು ಹೊತ್ತು ಆ ಬಾಗಿಲು ತಾಳುವುದಿಲ್ಲ.

"ಚಿಕ್ಕಪ್ಪ, ಕೀ ತೆಗೆದು ಡಬ್ಬಿಗೆ ಹಾಕಿ... ಹಾಂ, ದುಡ್ಡಿನ ಡಬ್ಬಿಗೇ, ಮೇಲಿನ ಸಂದೀಲಿ. ಅದರ ಬೀಗದ ಕೈ ಇಲ್ಲಿ ನನ್ನ ಡ್ರಾಯರಲ್ಲಿದೆ. ಅಲ್ಲಿ ಯಾರಪ್ಪನ ಕೈಲೂ ತೆಗೆಯೋಕಾಗಲ್ಲ... ನಿಮಗೆ ಹೊಡೀತಾರೆ... ಗೊತ್ತು ಚಿಕ್ಕಪ್ಪ, ನಂಗೂ ಗೊತ್ತು... ಹಾಕಿದ್ರಾ?... ಹೂಂ, ಬಿದ್ದಿದ್ದು ಕೇಳಿಸ್ತು."

ಅಪ್ಪ ಸತ್ತ ಮೇಲೆ ಅವಳನ್ನು ಹೆಗಲ ಮೇಲೆ ಹೊತ್ತು ಬೆಳೆಸಿದವರು ಈ ಚಿಕ್ಕಪ್ಪ. ಮುಖ ನೋಡಿಲ್ಲದ ಯಾವನದೋ ಪ್ರಾಣಕ್ಕಾಗಿ ಅವರನ್ನು ಅವಳೇ ಆ ಗುಂಪಿನ ಕೈಗೆ ಕೊಟ್ಟಿದ್ದಳು. ಬೇರೆ ಏನು ಹೇಳಬಹುದಿತ್ತು ಎಂದು ಯೋಚಿಸುವಷ್ಟರಲ್ಲಿ ಆ ಕಡೆ ಬಾಗಿಲು ಕಿತ್ತುಬಂತು.

"ಚಿಕ್ಕಪ್ಪ?... ಮಾತಾಡಿ ಚಿಕ್ಕಪ್ಪ... ಏ, ಯಾರ್ರೋ ಅದು, ಬಿಡ್ರೋ ಅವರನ್ನ. ವಯಸ್ಸಾದೋರು ಕಣ್ರೋ... ಹಲೋ..."

ಫೋನು ಅವರ ಕಾಲ ಬಳಿ ಎಲ್ಲೋ ಬಿದ್ದಿತ್ತು. ಏಟು ಒಂದೊಂದೂ ಕೇಳುತ್ತಿತ್ತು. ಮೊದಲು ಅಂಗೈಯವು, ಆಮೇಲೆ ಮುಷ್ಟಿಯವು, ಆಮೇಲೆ ಯಾರೋ ಸೀಟಿನ ಕಂಬಿ ಕಿತ್ತುಕೊಂಡ ಸದ್ದು. ಕೀ ಎಲ್ಲಿ, ಕೀ ಎಲ್ಲಿ ಎಂದು ಕಿರುಚುತ್ತಿದ್ದವರಿಗೆ ಉತ್ತರ ಕೇಳುವ ವ್ಯವಧಾನ ಇರಲಿಲ್ಲ. ಚಿಕ್ಕಪ್ಪ ಅತ್ತದ್ದನ್ನು ಅವಳು ಈವರೆಗೆ ಕೇಳಿರಲಿಲ್ಲ. ಈಗ ಕೇಳಿದಳು.

...

"ಹಲೋ... ಯಾರು?... ಡಿಪೋದಿಂದ, ನಾನು ಅವರ ಅಣ್ಣನ ಮಗಳು. ನೀವು ಯಾರು?... ಕೆಳಗಿರೋರ ತಮ್ಮನಾ. ಕೇಳಪ್ಪ, ಕೀ ಡಬ್ಬಿಯೊಳಗಿದೆ, ಡಬ್ಬಿ ಬೀಗದ ಕೈ ನನ್ನ ಹತ್ರ ಇದೆ. ಅವರನ್ನ ಕೊಂದು ಹಾಕಿದ್ರೂ ಕೀ ಬರಲ್ಲ... ಹೂಂ, ನಾನೇ ಹಾಕಿಸಿದ್ದು. ಬೈಯೋದಾದ್ರೆ ನನ್ನ ಬೈಯಿ... ನಿಮ್ಮಣ್ಣನ್ನ ಸಾಯ್ಸೋಕಲ್ಲ, ಉಳಿಸೋಕೆ. ನಂಬದಿದ್ರೆ ಹೋಗಿ ಬಗ್ಗಿ ನೋಡು. ಚಕ್ರ ತಿರುಗಿದ್ರೆ ಎದೆ ಎಲ್ಲಿಗೆ ಬರುತ್ತೆ ನೋಡಿ ನೀನೇ ಹೇಳು."

...

"ನೋಡಿದ್ಯಾ?... ಅರ್ಥ ಆಯ್ತಾ ಈಗ? ಹಾಗಾದ್ರೆ ಹೋಗಿ ತಡಿಯಪ್ಪ ಅವರನ್ನ. ನಿನ್ನ ಒಡಹುಟ್ಟಿದೋನು ಕೆಳಗಿರೋದು, ನಿನ್ನ ಮಾತು ಕೇಳ್ತಾರೆ... ಕೇಳ್ತಿಲ್ವಾ? ನಿನಗೂ ಹೊಡೆದ್ರಾ?... ಅವರಲ್ಲಿ ನಿಮ್ಮಣ್ಣನ ಕಡೆಯೋರು ಎಷ್ಟು ಜನ?... ಯಾರೂ ಇಲ್ವಾ? ಮತ್ತೆ ಯಾಕೆ ಹೊಡೀತಿದಾರೆ?"

ತಿಂಗಳುಗಟ್ಟಲೆ ಬಾಗಿಲು ಹಾಕಿಕೊಂಡು ಕೂತು ಹೊಟ್ಟೆಯಲ್ಲಿ ಹುಳಿಯಾಗಿದ್ದ ಸಿಟ್ಟಿಗೆ ಇವತ್ತು ಒಂದು ಮೈ ಸಿಕ್ಕಿತ್ತು.

"ವ್ಯಾನ್ ಬಂತಾ?... ಹಳದಿ ವ್ಯಾನ್, ಅದೇ ಅದೇ. ಮೇಸ್ತ್ರಿಗೆ ದಾರಿ ಬಿಡಿಸು... ಜಾಕ್ ಇಟ್ರಾ... ಎತ್ತಿದ್ರಾ?... ಕೈ ಬಂತಾ?... ಉಸಿರಿದೆ ತಾನೆ? ಮಾತಾಡ್ತಿದಾನಾ?... ನೀರು ಕೇಳ್ತಿದಾನಾ. ಕೊಡಬೇಡ, ಆಂಬುಲೆನ್ಸಿನೋರು ಬರ್ಲಿ... ಅಳಬೇಡಪ್ಪ. ಉಳ್ಕೊಂಡ ಅಲ್ವಾ, ಸಾಕು."

...

"ಈಗ ನಮ್ಮ ಚಿಕ್ಕಪ್ಪಂಗೆ ಫೋನ್ ಕೊಡು... ಯಾಕೆ?... ಸ್ಟೀರಿಂಗ್ ಮೇಲೆ ತಲೆ ಇಟ್ಕೊಂಡಿದಾರಾ. ಸುಸ್ತಾಗಿರುತ್ತೆ, ಅಲ್ಲಾಡ್ಸಿ ಎಬ್ಬಿಸು. ಅವನು ಬದುಕಿದ ಅಂತ ಕಿವೀಲಿ ಹೇಳು, ಏಳ್ತಾರೆ... ಹೇಳಿದ್ಯಾ?... ಇನ್ನೊಂದು ಸಲ ಹೇಳು, ಜೋರಾಗಿ ಹೇಳು... ಮೂಗಿನ ಹತ್ರ ಕೈ ಹಿಡಿದು ನೋಡು... ಏನಪ್ಪ, ಮಾತಾಡು. ಅಲ್ಲಿ ಯಾಕೆ ಇಷ್ಟು ಸುಮ್ಮನಾಯ್ತು? ಆಗಿಂದ ಕೂಗ್ತಿದ್ದೋರೆಲ್ಲ ಎಲ್ಲಿ ಹೋದ್ರು?... ಹಲೋ... ಹಲೋ, ನಾನು ಕೇಳ್ತಿರೋದು ಒಂದೇ, ಉಸಿರು ಇದೆಯಾ ಇಲ್ವಾ..."

ಆ ಕಡೆ ಅವನು ಗಂಟಲು ಸರಿಮಾಡಿಕೊಂಡದ್ದು ಕೇಳಿತು. ಲೈನು ಕಟ್ಟಾಯಿತು.