ಒಗೆದ ನಕ್ಷೆ, ಮೂರನೇ ಬಾವಿ

ವೇದಿಕೆಯ ಮೇಲಿರುವ ಅಧ್ಯಕ್ಷರೇ, ಈ ಶಾಲೆಗಾಗಿ ಕಚೇರಿಯಿಂದ ಕಚೇರಿಗೆ ಅಲೆದು ಮೂರು ಜೊತೆ ಚಪ್ಪಲಿ ಸವೆಸಿದ ಹೆಡ್‌ಮೇಡಂ ಅವರೇ, ಅವರ ಪಕ್ಕದಲ್ಲಿರುವ ಎಂಜಿನಿಯರ್ ಸಾಹೇಬರೇ, ಗಣಿ ಇತಿಹಾಸದ ಗುಂಪಿನ ಹಿರಿಯರೇ, ಮುಂದಿನ ಸಾಲಿನಲ್ಲಿ ಒಬ್ಬರನ್ನೊಬ್ಬರು ತಿವಿಯುತ್ತಿರುವ ಮಕ್ಕಳೇ, ಕುರ್ಚಿ ಸಿಗದೆ ಗೋಡೆಗೊರಗಿರುವ ಸಭಿಕರೇ. ಯಾರನ್ನಾದರೂ ಬಿಟ್ಟಿದ್ದರೆ ಈಗಲೇ ಕ್ಷಮೆ ಕೇಳಿಬಿಡುತ್ತೇನೆ. ಈ ಒಂದು ಸಾಲನ್ನೇ ನಿನ್ನೆಯಿಂದ ಆರು ಸಲ ಬರೆದಿದ್ದೇನೆ.

ನಾನು ದರ್ಜಿ. ಇಲ್ಲಿರುವ ಅರ್ಧ ಜನರ ಸೊಂಟದ ಅಳತೆ ನನಗೆ ಗೊತ್ತು. ಹೆದರಬೇಡಿ, ಹೇಳುವುದಿಲ್ಲ. ಓದಿದ್ದು ಆರನೇ ಕ್ಲಾಸು, ಅದೂ ಅರ್ಧ. ಅಂಥವಳಿಗೆ ಈ ಶಾಲೆಯ ಮೊದಲ ವಾರ್ಷಿಕೋತ್ಸವದಲ್ಲಿ ಸನ್ಮಾನ ಯಾಕೆ? ಈ ಶಾಲೆ ಇಲ್ಲಿ ನಿಂತಿದೆ, ಕೆಳಗಿನ ಬಯಲಿನಲ್ಲಿ ನಿಂತಿಲ್ಲ. ಅಲ್ಲಿ ಯಾಕೆ ನಿಂತಿಲ್ಲ ಎನ್ನುವುದನ್ನು ಇವತ್ತು ಹೇಳುತ್ತೇನೆ.

ನಮ್ಮ ಕಣಿವೆಯಲ್ಲಿ ತಾಮ್ರದ ಗಣಿ ಇತ್ತು ಎನ್ನುವುದು ಎಲ್ಲರಿಗೂ ಗೊತ್ತು. ಭೂಮಿಯೊಳಗೆ ಇಳಿಯಲು ಏಳು ಬಾವಿಗಳಿದ್ದವು ಎನ್ನುವುದೂ ಗೊತ್ತು. ಆ ಬಾವಿಗಳು ಎಲ್ಲೆಲ್ಲಿದ್ದವು? ಅದು ಮಾತ್ರ ಯಾರಿಗೂ ಗೊತ್ತಿರಲಿಲ್ಲ. ಗಣಿ ಮುಚ್ಚಿದವರು ಬಾಯಿಗೆ ಮರದ ತೊಲೆ ಹೊದಿಸಿ, ಮೇಲೆ ಮಣ್ಣು ಸುರಿದು, ಕಾಗದಗಳನ್ನು ಸುಟ್ಟು ಹೊರಟುಹೋದರು.

ಕಾಗದ ಸುಟ್ಟರು, ಬಟ್ಟೆ ಸುಡಲಿಲ್ಲ. ಆಗ ಗಣಿಯ ನಕ್ಷೆಗಳನ್ನು ಗಂಜಿ ಹಾಕಿದ ಸಣ್ಣ ನೂಲಿನ ಬಟ್ಟೆಯ ಮೇಲೆ ಬರೆಯುತ್ತಿದ್ದರು. ನನ್ನ ಅಮ್ಮ ಗಣಿ ಕಚೇರಿಯಲ್ಲಿ ಕಸ ಗುಡಿಸುತ್ತಿದ್ದಳು. ಮುಚ್ಚಿದ ದಿನ ಆ ಬಟ್ಟೆಗಳನ್ನು ಹೊರಗೆ ಎಸೆದಿದ್ದರಂತೆ. ಅಮ್ಮನೂ ಉಳಿದ ಹೆಂಗಸರೂ ಹಂಚಿಕೊಂಡು ತಂದರು. ಕುದಿಸಿ ಗಂಜಿ ಬಿಡಿಸಿದರೆ ಬೆಣ್ಣೆಯಂಥ ಬಟ್ಟೆ! ದಿಂಬಿನ ಚೀಲವಾಯಿತು, ಕೋಟಿನ ಲೈನಿಂಗ್ ಆಯಿತು, ಕೂಸುಗಳಿಗೆ ಅಂಗಿಯಾಯಿತು. ಈ ಊರಿನ ಎಷ್ಟು ಮಂದಿ ಗಣ್ಯರು ಎಳವೆಯಲ್ಲಿ ಗಣಿಯ ನಕ್ಷೆಯ ಮೇಲೆ ಉಚ್ಚೆ ಹೊಯ್ದಿದ್ದಾರೋ, ಅವರೇ ಲೆಕ್ಕ ಹಾಕಿಕೊಳ್ಳಲಿ.

ಅಪ್ಪನ ಕೆಲಸ ಹೋಯಿತು, ಅಮ್ಮ ಹೊಲಿಗೆ ಮಿಷನ್ ಮುಂದೆ ಕೂತಳು, ನಾನು ಶಾಲೆ ಬಿಟ್ಟು ಕಾಜಾ ಹಾಕಲು ಪಕ್ಕದಲ್ಲಿ ಕೂತೆ. "ಬೇಸಿಗೆ ಕಳೆಯಲಿ ಮಗಾ, ಮತ್ತೆ ಕಳಿಸ್ತೀನಿ" ಅಂದಿದ್ದಳು. ಬೇಸಿಗೆ ಕಳೆದು ನಲವತ್ತೊಂದು ವರ್ಷವಾಯಿತು. ಇರಲಿ, ಅದು ಇವತ್ತಿನ ಮಾತಲ್ಲ.

ಒಂದು ತುಂಡನ್ನು ಮಾತ್ರ ಅಮ್ಮ ಕತ್ತರಿಸಿರಲಿಲ್ಲ. ಕುದಿಸಿದರೂ ಅದರ ಶಾಯಿ ಹೋಗಲಿಲ್ಲವಂತೆ. ಮಡಚಿ ಮಿಷನ್ ಪೆಟ್ಟಿಗೆಯ ತಳಕ್ಕೆ ಹಾಸಿಬಿಟ್ಟಿದ್ದಳು. ಹೆಡ್‌ಮೇಡಂ ಇತಿಹಾಸದ ಗುಂಪು ಕಟ್ಟಿಕೊಂಡು ಮನೆಮನೆಗೆ ಬಂದಾಗ ನಾನು ಅದನ್ನು ತೆಗೆದುಕೊಟ್ಟೆ. ಏನು ಸಂಭ್ರಮ ಅಂತೀರಿ! ಒಂದು, ಎರಡು, ಮೂರನೇ ಬಾವಿಗಳಿದ್ದ ನಕ್ಷೆ. ಗಾಜು ಹಾಕಿಸಿ ಪಂಚಾಯಿತಿ ಗೋಡೆಗೆ ತೂಗುಹಾಕಿದರು. ಕೆಳಗೆ ಅಮ್ಮನ ಹೆಸರು, ಅದರ ಕೆಳಗೆ ನನ್ನದು. ನಮ್ಮ ಯಜಮಾನರು ಕೂಡ ನೋಡಲು ಬಂದು, "ಅಂತೂ ನಿನ್ನ ಹೆಸರು ಬಿಲ್ ಬುಕ್ ಬಿಟ್ಟು ಬೇರೆ ಕಡೆ ಬಂತಲ್ಲೇ" ಅಂದರು.

ಅದೇ ನಕ್ಷೆ ಹಿಡಿದು ಎಂಜಿನಿಯರ್ ಸಾಹೇಬರು ಶಾಲೆಗೆ ಜಾಗ ಗುರುತಿಸಿದರು. ಅದಿರು ತೊಳೆಯುತ್ತಿದ್ದ ಗುಂಡು ತೊಟ್ಟಿ ಈಗಲೂ ಇದೆಯಲ್ಲ, ಅಲ್ಲಿಂದ ಮುನ್ನೂರು ಹೆಜ್ಜೆಗೆ ಮೂರನೇ ಬಾವಿ ಎಂದಿತ್ತು ನಕ್ಷೆ. ಅಲ್ಲಿ ಅಗೆದರೆ ಬರೀ ಗಟ್ಟಿ ಮಣ್ಣು. "ತಳದವರೆಗೂ ತುಂಬಿ ಮುಚ್ಚಿದ್ದಾರೆ, ಚಿಂತೆಯಿಲ್ಲ" ಎಂದರು. ಅದರ ಆಚೆ ಸುಣ್ಣದ ಪುಡಿಯಲ್ಲಿ ತರಗತಿಗಳ ಗೆರೆ ಎಳೆದರು.

ಚಿಂತೆಯಿಲ್ಲ ಎಂದು ಯಾರಾದರೂ ಹೇಳಿದರೆ ನನಗೆ ಚಿಂತೆ ಶುರುವಾಗುತ್ತದೆ. ಬೀಗ ಹಾಕಿದ ಬಾಗಿಲನ್ನು ಮೂರು ಸಲ ಎಳೆದು ನೋಡುವವಳು ನಾನು. ಒಂದು ದಿನ ಪಂಚಾಯಿತಿಗೆ ಹೋದವಳು ಹೆಸರು ನೋಡಿಕೊಳ್ಳೋಣವೆಂದು ನಿಂತೆ. ಹೆಸರು ನೋಡಿದೆ, ತೊಟ್ಟಿ ನೋಡಿದೆ, ಮತ್ತೆ ನೋಡಿದೆ. ನಕ್ಷೆಯಲ್ಲಿ ಗುಂಡು ತೊಟ್ಟಿ ಗುಂಡಗಿರಲಿಲ್ಲ. ಮೊಟ್ಟೆಯ ಹಾಗಿತ್ತು. ಟೇಪು ಕೊರಳಲ್ಲೇ ಇತ್ತು. ಅಳೆದೆ. ಅಗಲಕ್ಕೆ ಹದಿನಾರು ಗೆರೆ, ಉದ್ದಕ್ಕೆ ಹದಿನೈದು.

ಬಟ್ಟೆ ಕುಗ್ಗಿತ್ತು! ಕುದಿಸಿದ ಬಟ್ಟೆ ಉದ್ದದ ಎಳೆಯಲ್ಲಿ ಹೆಚ್ಚು ಕುಗ್ಗುತ್ತದೆ, ಅಡ್ಡದ ಎಳೆಯಲ್ಲಿ ಅಷ್ಟಿಲ್ಲ. ಇದು ದರ್ಜಿಗೆ ಗೊತ್ತಿರದ ಸಂಗತಿಯೇ? ಹದಿನೈದು ಎಂದು ಕಂಡದ್ದು ನಿಜವಾಗಿ ಹದಿನಾರು. ತೊಟ್ಟಿಯಿಂದ ಬಾವಿ ಇದ್ದದ್ದೂ ಆ ಉದ್ದದ ದಿಕ್ಕಿಗೇ, ಹಾಗಾಗಿ ಮುನ್ನೂರು ಎಂದು ಕಂಡದ್ದು ಮುನ್ನೂರ ಇಪ್ಪತ್ತು. ತೊಟ್ಟಿಯಿಂದ ಮುನ್ನೂರ ಇಪ್ಪತ್ತು ಹೆಜ್ಜೆ ನಡೆದೆ. ಸುಣ್ಣದ ಗೆರೆಯೊಳಗೆ, ಒಂದನೇ ತರಗತಿ ಆಗಬೇಕಾದ ಜಾಗದ ಹತ್ತಿರ ಬಂದು ನಿಂತೆ. ನಿಂತವಳು ಓಡಿ ಹೊರಗೆ ಬಂದೆ.

ತಕ್ಷಣ ಹೋಗಿ ಹೇಳಿದೆ ಎಂದು ನಿಮಗೆ ಅನಿಸಬಹುದು. ಇಲ್ಲ. ಒಂಬತ್ತು ದಿನ ಸುಮ್ಮನಿದ್ದೆ. ನನ್ನ ಅಮ್ಮ ಒಗೆದು ಕೆಡಿಸಿದ ನಕ್ಷೆ ಎಂದು ಹೇಳಿದರೆ ಗೋಡೆಯ ಮೇಲಿನ ಅವಳ ಹೆಸರು ಏನಾಗಬೇಕು? ಆರನೇ ಕ್ಲಾಸಿನವಳು ಎಂಜಿನಿಯರಿಗೆ ಲೆಕ್ಕ ಹೇಳಿಕೊಟ್ಟಳಂತೆ ಎಂದು ನಕ್ಕರೆ? ಒಂಬತ್ತು ದಿನವೂ ಅಂಗಡಿಗೆ ಅರ್ಧ ದಿನ ಬಾಗಿಲು ಹಾಕಿ ಬಯಲಿನ ಬೇಲಿಯ ಹತ್ತಿರ ನಿಂತೆ. ಆಡಲು ಬಂದ ಮಕ್ಕಳಿಗೆ "ಹೋಗ್ರೋ, ಅಲ್ಲಿ ಹಾವಿದೆ" ಎಂದು ಸುಳ್ಳು ಹೇಳಿದೆ. ಇಲ್ಲ, ಒಂಬತ್ತೂ ದಿನ ಅಲ್ಲ, ಏಳನೇ ದಿನ ಜ್ವರ ಬಂದು ಹೋಗಲಾಗಲಿಲ್ಲ. ಆ ದಿನ ಮಕ್ಕಳು ಅಲ್ಲಿ ಆಡಿದ್ದಾರೆ. ಇದನ್ನು ನಾನು ಯಾರಿಗೂ ಹೇಳಿರಲಿಲ್ಲ. ಈ ಕಾಗದದಲ್ಲೂ ಬರೆದಿರಲಿಲ್ಲ.

ಒಂಬತ್ತನೇ ದಿನ ಹೆಡ್‌ಮೇಡಂ ದೊಣ್ಣೆ ಹಿಡಿದು ಬಂದರು. "ಏನಕ್ಕಾ, ಎಲ್ಲಿ ನಿನ್ನ ಹಾವು? ಬಾ, ತೋರಿಸು." ನಾನು ಅಲ್ಲೇ ಎಲ್ಲ ಹೇಳಿದೆ. ಅವರು ನಗಲಿಲ್ಲ. ದೊಣ್ಣೆ ಬಿಸಾಡಿ ನನ್ನ ಕೈ ಹಿಡಿದು ನೇರ ಸಾಹೇಬರ ಬಳಿಗೆ ಎಳೆದೊಯ್ದರು.

ಸಾಹೇಬರು, "ಅಮ್ಮಾ, ಈ ನಕ್ಷೆಗೆ ಕಚೇರಿಯ ಮೊಹರಿದೆ, ಅಳತೆಯ ಪಟ್ಟಿ ಇದೆ. ನಿಮ್ಮ ಹತ್ತಿರ ಏನಿದೆ?" ಎಂದರು. ಸರ್, ನೀವು ಹಾಗೆ ಕೇಳಿದ್ದು ಸರಿಯೇ ಇತ್ತು. ನನ್ನ ಕಣ್ಣು ನೆಲ ನೋಡುತ್ತಿತ್ತು. ಅಲ್ಲಿ ಕಂಡದ್ದನ್ನೇ ಹೇಳಿಬಿಟ್ಟೆ: "ನಿಮ್ಮ ಪ್ಯಾಂಟಿದೆ ಸರ್. ಹೊಸತರಲ್ಲಿ ಹಿಮ್ಮಡಿ ಮುಟ್ಟುತ್ತಿತ್ತು ತಾನೇ? ಈಗ ಕಾಲುಚೀಲ ಪೂರ್ತಿ ಕಾಣ್ತಿದೆ. ಸೊಂಟ ಮಾತ್ರ ಹಾಗೇ ಇದೆ."

ಇಡೀ ಕಚೇರಿ ಅವರ ಕಾಲು ನೋಡಿತು. ಅವರೂ ನೋಡಿಕೊಂಡರು. ಎದ್ದು, ಪಂಚಾಯಿತಿಗೆ ಬಂದು, ಗಾಜು ತೆಗೆಸಿ, ತೊಟ್ಟಿಯ ಮೇಲೆ ಕೈವಾರ ಇಟ್ಟು ತಿರುಗಿಸಿದರು. ಕೈವಾರದ ಮುಳ್ಳು ಗೆರೆ ಬಿಟ್ಟು ಹೊರಗೆ ಹೋಯಿತು.

ಆ ಸಂಜೆಯೇ ಬಯಲಿಗೆ ಹೋದೆವು. ಮುನ್ನೂರ ಇಪ್ಪತ್ತನೇ ಹೆಜ್ಜೆಯಲ್ಲಿ ಕಬ್ಬಿಣದ ಸಲಾಕೆ ಹೊಡೆದರು. ಒಂದಡಿ ಮಣ್ಣು. ಎರಡಡಿ ಮಣ್ಣು. ನಾಲ್ಕನೇ ಅಡಿಗೆ ಟೊಳ್ಳು ಸದ್ದು! ಮಣ್ಣು ಸರಿಸಿದರೆ ತೊಲೆಗಳು. ಬೆರಳಲ್ಲಿ ಒತ್ತಿದರೆ ಬಿಸ್ಕತ್ತಿನಂತೆ ಉದುರುತ್ತಿದ್ದವು. ಸಾಹೇಬರು ಸಂದಿಯಲ್ಲಿ ಒಂದು ಕಲ್ಲು ಬಿಟ್ಟರು. ನಾನು ಒಂದು, ಎರಡು ಎಂದು ಎಣಿಸಿದೆ. ನಾಲ್ಕು ಎನ್ನುವಾಗ ನೀರಿನ ಸದ್ದು ಬಂತು.

ಆಮೇಲೆ ಸಾಹೇಬರು ನನಗೆ ಕೈಮುಗಿದರು. ನನಗೆ ಅಂದರೆ, ಕಾಜಾ ಹಾಕುವವಳಿಗೆ.

ಶಾಲೆ ಬಯಲು ಬಿಟ್ಟು ಇಲ್ಲಿ ಮೇಲೆ ಬಂತು. ಸುದ್ದಿ ಹಬ್ಬಿದ್ದೇ ತಡ, ಇಡೀ ಕಣಿವೆ ಹೊಲಿಗೆ ಬಿಚ್ಚಿತು! ಹನ್ನೊಂದು ಮನೆಯವರು ದಿಂಬು, ಕೌದಿ, ಕೋಟು ಹರಿದು ತುಂಡುಗಳನ್ನು ತಂದರು. ಒಂದರಲ್ಲಿ ತೋಳಿನ ಆಕಾರ, ಒಂದರಲ್ಲಿ ಕಿಸೆ. ಪ್ರತಿಯೊಂದನ್ನೂ ಅಳೆದು, ಎಷ್ಟು ಕುಗ್ಗಿದೆ ಎಂದು ಲೆಕ್ಕ ಹಾಕಿ, ಸಾಹೇಬರ ಜೊತೆ ಕೂತು ದೊಡ್ಡ ಬಟ್ಟೆಯ ಮೇಲೆ ಜೋಡಿಸಿದ್ದೇನೆ. ಅದನ್ನೇ ನೋಡಿ, ನನ್ನ ಹಿಂದೆ ವೇದಿಕೆಯ ಉದ್ದಕ್ಕೂ ಕಟ್ಟಿದ್ದಾರೆ. ಕಾಗದ ಸುಟ್ಟವರು ಬಂದು ನೋಡಲಿ! ಏಳರಲ್ಲಿ ಆರು ಬಾವಿ ಸಿಕ್ಕಿವೆ, ಆರಕ್ಕೂ ಕಾಂಕ್ರೀಟ್ ಮುಚ್ಚಳ ಬಿದ್ದಿದೆ. ಇದನ್ನು ಹುಡುಕಿದ್ದು ಯಾವ ದೊಡ್ಡ ಕಚೇರಿಯೂ ಅಲ್ಲ, ಬಟ್ಟೆ ಬಿಸಾಡಲು ಮನಸ್ಸು ಬಾರದ ನಮ್ಮ ಅಮ್ಮಂದಿರು.

ಐದನೇ ಬಾವಿ ಇನ್ನೂ ಸಿಕ್ಕಿಲ್ಲ. ಅಗೋ ಅಲ್ಲಿ, ಮಧ್ಯದಲ್ಲಿ ಖಾಲಿ ಕಾಣುತ್ತಿದೆಯಲ್ಲ, ಒಂದು ಕೂಸಿನ ಅಂಗಿಯಷ್ಟು ಜಾಗ. ಅದು ನಿಮ್ಮಲ್ಲೇ ಯಾರದೋ ಪೆಟ್ಟಿಗೆಯಲ್ಲಿದೆ. ನನಗೆ ನಿದ್ದೆ ಬರುತ್ತಿಲ್ಲ. ಇವತ್ತೇ ಹುಡುಕಿ, ಸಿಕ್ಕಿದರೆ ಎಷ್ಟು ಕೊಳೆಯಾಗಿದ್ದರೂ ಹಾಗೇ ತಂದುಕೊಡಿ. ಕೈಮುಗಿದು ಕೇಳುತ್ತೇನೆ, ದಯವಿಟ್ಟು ಒಗೆಯಬೇಡಿ.

ಇಷ್ಟು ಹೊತ್ತು ಕೇಳಿದ ನಿಮಗೆಲ್ಲ ನನ್ನ ಮತ್ತು ನನ್ನ ಅಮ್ಮನ ನಮಸ್ಕಾರ.